ಸಗಣಿಯಲ್ಲಿರುವ ಶಕ್ತಿ: ಬೆರಣಿಯೋ, ಅನಿಲವೋ?

ಪೈರುಗಳು ಸೂರ್ಯನ ಬೆಳಕಿನಿಂದ ಪಡೆದ ಶಕ್ತಿಯನ್ನು ಹುಲ್ಲು ಕಾಳುಗಳಲ್ಲಿ ಕೂಡಿಡುತ್ತವೆ. ವಸ್ತುವಿನ ರಚನೆಯಲ್ಲಿ ಹೀಗೆ ಅಡಗಿರುವುದಕ್ಕೆ ರಾಸಾಯನಿಕ ಶಕ್ತಿಯೆಂದು ಹೆಸರು. ಹುಲ್ಲನ್ನು ಮೇಯ್ದ ಎತ್ತು ಆ ಶಕ್ತಿಯ ಒಂದು ಭಾಗದಿಂದ ನೇಗಿಲನ್ನೆಳೆಯುತ್ತದೆ. ಜೀರ್ಣವಾಗದೆ ಉಳಿದುದು ಸಗಣಿಯೊಡನೆ ಹೊರಬೀಳುತ್ತದೆ. ಒಣಗಿದ ಸಗಣಿಯು ಉರಿಯುವುದು ಈ ಉಳಿಕೆಯಿಂದಲೇ.

ಸೌದೆಯ ಅಭಾವವಿರುವ ಬಯಲುಸೀಮೆಯಲ್ಲಿ ಬೆರಣಿ ತಟ್ಟುವುದು ಪುರಾತನ ಪದ್ಧತಿ. ಬೇರೆ ಉಪಾಯವನ್ನು ತೋರಿಸದೆ ಇದನ್ನು ದೂಷಿಸುವುದು ನ್ಯಾಯವಲ್ಲ. ಆದರೂ ಲೆಕ್ಕವನ್ನು ನೋಡಬೇಕು. 50 ಕಿಲೋಗ್ರಾಂ ಹಸಿ ಸಗಣಿಯಲ್ಲಿ ಸುಮಾರು 40 ಕಿಲೋಗ್ರಾಂ ನೀರೇ ಇರುತ್ತದೆ. ಒಣಗಿಸಿದರೆ ದೊರೆಯುವುದು 10 ಕಿಲೋಗ್ರಾಂ ಬೆರಣಿ. ಇದನ್ನು ಪೂರ್ತಿಯಾಗಿ ಸುಟ್ಟಲ್ಲಿ ಸುಮಾರು 21,000 ಕಿಲೋಕ್ಯಾಲೊರಿ ಶಾಖವು ಹುಟ್ಟುವುದಾದರೂ, ಸಾಧಾರಣವಾದ ಮಣ್ಣಿನ ಒಲೆಯಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲೊಂದು ಪಾಲು ಮಾತ್ರ. ಸಗಣಿಯಲ್ಲಿದ್ದ ಸಾರಜನಕವೂ ಗಾಳಿಯ ಪಾಲಾಗುತ್ತದೆ. ಹೊಗೆಯಿಂದ ಅಡಿಗೆಮನೆಯ ಹೆಂಗಸರ ಕಣ್ಣಿಗೂ ಎದೆಗೂ ಆಗುವ ಹಾನಿಯು ಈ ಲೆಕ್ಕಕ್ಕೆ ಸೇರಿಲ್ಲ.

ಅದೇ ಸಗಣಿಯನ್ನು ಅಷ್ಟೇ ತೂಕದ ನೀರಿನಲ್ಲಿ ಕದಡಿ, ಗಾಳಿಯಾಡದ ಗುಂಡಿಗೆ ದಿನವೂ ಬಿಡುತ್ತಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಸುಮಾರು 2 ಘನಮೀಟರು ಅನಿಲವನ್ನು ಕೊಡುತ್ತವೆ. ಚಳಿಗಾಲದಲ್ಲಿ ಇದು ಕಡಿಮೆಯಾಗುವುದುಂಟು. ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಉರಿಯುವ ಮೀಥೇನ್; ಮಿಕ್ಕದ್ದು ಬಹುಮಟ್ಟಿಗೆ ಉರಿಯದ ಇಂಗಾಲಾಮ್ಲ ವಾಯು. ಇದರ ಶಾಖವು ಸುಮಾರು 9,400 ಕಿಲೋಕ್ಯಾಲೊರಿ, ಎಂದರೆ ಬೆರಣಿಯ ಅರ್ಧಕ್ಕೂ ಕಡಿಮೆ. ಆದರೆ ಅನಿಲದ ಒಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವು ಪಾತ್ರೆಗೆ ಮುಟ್ಟುವುದರಿಂದ, ಅಡಿಗೆಗೆ ಒದಗುವುದು ಬೆರಣಿಯ ಎರಡರಷ್ಟಕ್ಕೂ ಮಿಗಿಲು. ಹೊರಬರುವ ಬಗ್ಗಡದಲ್ಲಿ ಸಾರಜನಕವು ಬಹುಪಾಲು ಉಳಿದಿರುತ್ತದೆ. ಅದನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಈ ಲಾಭದಲ್ಲಿ ಒಂದಂಶವು ಅಮೋನಿಯವಾಗಿ ಹಾರಿಹೋಗುವುದು. ಕಸಕಡ್ಡಿಯೊಡನೆ ತಿಪ್ಪೆಯಲ್ಲಿ ಸೇರಿಸಿ ಮುಚ್ಚುವುದು ಲೇಸು.

ಕಟ್ಟುವ ಮೊದಲು ದನಗಳನ್ನು ಎಣಿಸತಕ್ಕದ್ದು. 50 ಕಿಲೋಗ್ರಾಂ ಸಗಣಿಗೆ ಕೊಟ್ಟಿಗೆಯಲ್ಲೇ ಕಟ್ಟುವ ನಾಲ್ಕೈದು ದೊಡ್ಡ ರಾಸುಗಳಾದರೂ ಬೇಕು. ಹೊರಗೆ ಮೇಯುವ ದನಗಳ ಸಗಣಿ ಪೂರ್ತಿ ಕೈಗೆ ಸಿಕ್ಕದು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿಗೆಲ್ಲ ಒಂದೇ ಸ್ಥಾವರವನ್ನು ಕಟ್ಟಿದಾಗ, ಎಲ್ಲ ಮನೆಗಳ ಅಡಿಗೆಗೂ ಅನಿಲವು ಸಾಲದೆ ಹೋಯಿತು. 1987ರಿಂದ ಅದರಿಂದ ಎಂಜಿನನ್ನು ನಡೆಸಿ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಿದರು. ಸಗಣಿ ತಂದವರಿಗೆ ಬಗ್ಗಡವು ಹಿಂದಿರುಗುತ್ತಿತ್ತು.

ದುರಸ್ತಿಗಾಗಿ ಬರಿದು ಮಾಡಿದ ಗುಂಡಿಗೆ ಯಾರೂ ಕೂಡಲೇ ಇಳಿಯಕೂಡದು, ಬಾಯಿಯ ಬಳಿ ದೀಪವನ್ನೂ ಹಿಡಿಯಕೂಡದು. ಒಳಗೆ ಉಸಿರಾಟಕ್ಕೆ ಬೇಕಾದ ಆಮ್ಲಜನಕವಿಲ್ಲದೆ, ವಿಷವಾಯುವೂ ನಿಂತಿರಬಹುದು. ಇಂಥ ಕೆಲಸವನ್ನು ಅನುಭವವುಳ್ಳವರಿಂದಲೇ ಮಾಡಿಸಬೇಕು.