ಗಾಳಿಪಟ ಎಳೆಯುವ ಕಡಲ ಓಟ

ಗಾಳಿಪಟ ಹಾರಿಸದ ವಿದ್ಯಾರ್ಥಿ ನಮ್ಮ ಆದವಾನಿ ಸೀಮೆಯಲ್ಲಿ ವಿರಳ. ಗಾಳಿ ಬಿರುಸಾದಾಗ ದಾರವು ಬೆರಳನ್ನು ಕೊಯ್ಯುವಂತೆ ಎಳೆಯುವುದನ್ನು ನಾವೆಲ್ಲರೂ ಬಲ್ಲೆವು. ಆ ಎಳೆತದ ಬಲದಿಂದಲೇ ಮನುಷ್ಯನು ಹಲಗೆಯೊಂದರ ಮೇಲೆ ನಿಂತು ಸಮುದ್ರದಲ್ಲಿ ಹತ್ತಾರು ಕಿಲೋಮೀಟರು ಓಡಬಲ್ಲನೆಂದರೆ ಯಾರಿಗಾದರೂ ಆಶ್ಚರ್ಯವಾಗುತ್ತದೆ. 'ಕೈಟ್‌ಬೋರ್ಡಿಂಗ್' ಎಂಬುದು ಈ ಆಟದ ಹೆಸರು. ನಮ್ಮೂರಿಗೆ ಸಮುದ್ರ ನೂರಾರು ಕಿಲೋಮೀಟರು ದೂರ. ಆದರೂ ಈ ಆಟದ ದೂರದ ಓಟಗಳಲ್ಲಿ ಪಾಲಿಸುವ ಶಿಸ್ತು ನಮಗೂ ಬೇಕಾದುದೇ ಆಗಿದೆ.

ಗಾಳಿಪಟದಿಂದ ಕೆಲಸ ಮಾಡಿಸುವ ಯೋಚನೆ ಹಳೆಯದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾರ್ಜ್ ಪೊಕಾಕ್ ಎಂಬ ಶಾಲಾ ಉಪಾಧ್ಯಾಯರಿದ್ದರು. ಅವರು ಗಾಳಿಪಟಗಳು ಎಳೆಯುವ ಬಂಡಿಯನ್ನು ನಿರ್ಮಿಸಿ 1826ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. 1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಎಂಬಾತನು ಗಾಳಿಪಟ ಕಟ್ಟಿದ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ಆದರೆ ನೀರಿಗೆ ಬಿದ್ದ ಪಟವನ್ನು ಮತ್ತೆ ಮೇಲೆಬ್ಬಿಸುವುದು ಹೇಗೆ? ಫ್ರಾನ್ಸಿನ ಲೆಗೆನ್ಯೂ ಸಹೋದರರು ಇದಕ್ಕೆ ಉತ್ತರ ಕಂಡುಹಿಡಿದರು. ಸೈಕಲ್ ಟ್ಯೂಬಿನಂತೆ ಗಾಳಿ ತುಂಬುವ ಅಂಚುಳ್ಳ ಪಟಕ್ಕೆ ಅವರು 1984ರಲ್ಲಿ ಹಕ್ಕುಪತ್ರ ಪಡೆದರು. ಈ ಪಟ ಮುಳುಗದೆ ತೇಲುವುದರಿಂದ ಸವಾರನು ಅದನ್ನು ನೀರಿನಿಂದಲೇ ಪುನಃ ಹಾರಿಸಬಹುದು.

ಇಂದಿನ ಸವಾರನ ಸಲಕರಣೆಗಳು ಕೆಲವೇ. ಗಾಳಿಯ ಬಿರುಸಿಗೆ ತಕ್ಕಂತೆ ಸುಮಾರು 7ರಿಂದ 14 ಚದರ ಮೀಟರಿನ ಪಟ, ಇಪ್ಪತ್ತು ಮೀಟರಿಗೂ ಮಿಕ್ಕಿದ ಗಟ್ಟಿ ದಾರಗಳು, ಅವನ್ನು ಕಟ್ಟಿದ ಒಂದು ಹಿಡಿಗೋಲು, ಸೊಂಟಪಟ್ಟಿ ಮತ್ತು ಕಾಲಡಿಯ ಹಲಗೆ. ಎಳೆತವೆಲ್ಲ ಸೊಂಟಪಟ್ಟಿಯ ಮೇಲೆ ಬೀಳುವುದರಿಂದ ಕೈಗಳು ಬೇಗ ದಣಿಯವು.

ಗಾಳಿ ಬೀಸುವ ಕಡೆಗೆ ಮಾತ್ರವೇ ಪಟವು ಸವಾರನನ್ನು ಒಯ್ಯಬೇಕಲ್ಲವೇ? ಅವನು ಅಡ್ಡಕ್ಕೆ ಓಡುವುದು ಹೇಗೆ? ಒದ್ದೆಯಾದ ಹುಣಸೆಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿರಿ. ಬೆರಳುಗಳು ಒತ್ತುವುದು ಎರಡು ಪಕ್ಕಗಳಿಂದ. ಆದರೆ ಬೀಜ ಚಿಮ್ಮುವುದು ಮುಂದಕ್ಕೆ. ಹಾಗೆಯೇ ಪಟವು ಒಂದು ಕಡೆಗೆ ಎಳೆಯುತ್ತದೆ, ನೀರಿನಲ್ಲಿ ಓರೆಯಾಗಿ ಊರಿದ ಹಲಗೆಯ ಅಂಚು ಆ ಎಳೆತವನ್ನು ತಡೆಯುತ್ತದೆ. ಈ ಎರಡರ ನಡುವೆ ಸವಾರನು ಮುಂದಕ್ಕೆ ನುಗ್ಗುತ್ತಾನೆ. ಗಾಳಿಗೆ ನೇರ ಎದುರಾಗಿ ಮಾತ್ರ ಯಾರೂ ಸಾಗಲಾರರು. ಕಡಿದಾದ ಗುಡ್ಡವನ್ನು ನಾವು ಅಡ್ಡಡ್ಡವಾಗಿ ಹತ್ತುವಂತೆ ಸವಾರನೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಿ ಗಾಳಿಯ ಮೂಲದತ್ತ ಏರಬೇಕು.

ಇನ್ನೊಂದು ಲೆಕ್ಕವನ್ನೂ ಮನಸ್ಸಿನಲ್ಲಿಡಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರಿನ ಗಾಳಿಯಲ್ಲಿ ಹಿತವಾಗಿ ಎಳೆದ ಪಟವೇ 40 ಕಿಲೋಮೀಟರಿನ ಗಾಳಿಯಲ್ಲಿ ಸವಾರನನ್ನು ಎತ್ತಿ ಒಗೆಯಬಲ್ಲದು. ಆದ್ದರಿಂದ ಗಾಳಿ ಹೆಚ್ಚಿದಂತೆ ಚಿಕ್ಕ ಪಟವನ್ನು ಆರಿಸುವುದು ಜಾಣತನ.

ದೂರದ ಓಟಗಳಲ್ಲಿ ಆಸ್ಟ್ರೇಲಿಯದ ಪಶ್ಚಿಮ ತೀರದ ಒಂದು ಓಟ ಹೆಸರಾದುದು. ರಾಟ್‌ನೆಸ್ಟ್ ದ್ವೀಪದ ದೀಪಸ್ತಂಭದ ಬಳಿಯಿಂದ ಲೈಟನ್ ತೀರದವರೆಗೆ 19 ಕಿಲೋಮೀಟರು ತೆರೆದ ಕಡಲನ್ನು ದಾಟುವ ಓಟವದು. ಬೇಸಿಗೆಯಲ್ಲಿ ನೆಲವು ನೀರಿಗಿಂತ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇಳುತ್ತದೆ. ಆ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಭೂಗೋಳದ ಪಾಠದಲ್ಲಿ ನಾವು ಓದುವ ಈ ಕಡಲ್ಗಾಳಿ ಅಲ್ಲಿ ಮಧ್ಯಾಹ್ನದಲ್ಲಿ ಬಿರುಸಾಗಿ ಬೀಸುತ್ತದೆ. ಬಿಸಿಲಿನ ಬೇಗೆಯನ್ನು ಕಳೆಯುವುದರಿಂದ ಅಲ್ಲಿಯ ಜನ ಅದನ್ನು 'ಡಾಕ್ಟರ್' ಎಂದೇ ಕರೆಯುತ್ತಾರೆ. ಒಬ್ಬಂಟಿಯಾಗಿ ಇದಕ್ಕಿಂತಲೂ ಬಹುದೂರ ಸಾಗಿದವರುಂಟು. ಪೋರ್ಚುಗಲ್ ದೇಶದ ಫ್ರಾನ್ಸಿಸ್ಕೊ ಲುಫಿನ್ಯಾ 2015ರಲ್ಲಿ ಲಿಸ್ಬನ್ನಿನಿಂದ ಮದೀರಾ ದ್ವೀಪಕ್ಕೆ 874 ಕಿಲೋಮೀಟರು ಸಾಗಿದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪಟದ ಓಟಕ್ಕೂ ಮೊದಲ ಬಾರಿ ಸ್ಥಾನ ದೊರೆಯಿತು. ಸಿಂಗಪುರದ ಮ್ಯಾಕ್ಸ್ ಮೇಡರ್ ಅದರಲ್ಲಿ ಕಂಚಿನ ಪದಕ ಗೆದ್ದಾಗ ಅವನ ವಯಸ್ಸು ಹದಿನೇಳು ಮಾತ್ರ.

ನಮ್ಮ ದೇಶದಲ್ಲಿ ಈ ಆಟ ಕಲಿಯುವವರು ಹೆಚ್ಚಾಗಿ ರಾಮೇಶ್ವರದ ಕಡೆಗೆ ಹೋಗುತ್ತಾರೆ. ಬೇಸಿಗೆ ಮತ್ತು ಮಳೆಗಾಲದಲ್ಲಿ ನೈಋತ್ಯದಿಂದಲೂ ಚಳಿಗಾಲದಲ್ಲಿ ಈಶಾನ್ಯದಿಂದಲೂ ಅಲ್ಲಿ ಗಾಳಿ ದೊರೆಯುತ್ತದೆ. ಆಳವಿಲ್ಲದ ನೀರೂ ಉಂಟು. ಕನ್ನಡ ಕರಾವಳಿಯ ಮುಲ್ಕಿ, ಸಸಿಹಿತ್ಲುಗಳು ಅಲೆಯ ಮೇಲಿನ ಹಲಗೆಯಾಟಕ್ಕೆ ಹೆಸರಾಗಿವೆ. ಆದರೆ ಮುಂಗಾರಿನಲ್ಲಿ ಅಲ್ಲಿ ಗಾಳಿ ನೇರವಾಗಿ ದಡದತ್ತ ನುಗ್ಗುತ್ತದೆ, ಕಡಲೂ ಉಗ್ರವಾಗಿರುತ್ತದೆ. ದಡಕ್ಕೆ ಅಡ್ಡಲಾಗಿ ಬೀಸುವ ಗಾಳಿಯೇ ಈ ಆಟಕ್ಕೆ ಉತ್ತಮ. ದಡದತ್ತ ಬೀಸುವ ಗಾಳಿ ಸವಾರನನ್ನು ಬಂಡೆಗೋ ಮರಕ್ಕೋ ಬಡಿಯಬಹುದು. ದಡದಿಂದ ಹೊರಗೆ ಬೀಸುವ ಗಾಳಿ ನಡುಗಡಲಿಗೆ ಒಯ್ಯಬಹುದು.

ಇಂತಹ ಓಟಕ್ಕೆ ಸೇರುವವನು ಮೊದಲು ಚೆನ್ನಾಗಿ ಈಜು ಕಲಿತಿರಬೇಕು. ತೇಲು ಅಂಗಿ, ಶಿರಸ್ತ್ರಾಣಗಳನ್ನು ಧರಿಸಬೇಕು. ಹೊರಡುವ ಮುನ್ನ ದಾರ, ಗಂಟುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಇಬ್ಬರು ಎದುರುಬದುರಾದಾಗ ಬಲಗಾಲು ಮುಂದಾಗಿ ಬಲಕ್ಕೆ ಸಾಗುವವನಿಗೆ ದಾರಿ ಬಿಡಬೇಕು. ಒಬ್ಬರನ್ನೊಬ್ಬರು ಹಾಯುವಾಗ ಗಾಳಿ ಬರುವ ಕಡೆಯವನು ಪಟವನ್ನು ಎತ್ತರಕ್ಕೂ ಇನ್ನೊಬ್ಬನು ತಗ್ಗಿಗೂ ಹಿಡಿಯಬೇಕು. ಇಲ್ಲವಾದರೆ ದಾರಗಳು ತೊಡಕಿಕೊಳ್ಳುತ್ತವೆ. ಓಟವನ್ನು ಅರ್ಧಕ್ಕೆ ಬಿಟ್ಟವನು ದಡಕ್ಕೆ ಬಂದು ಹೆಸರು ಹೇಳಬೇಕು. ಹೇಳದೆ ಮನೆಗೆ ಹೋದರೆ ರಕ್ಷಣಾ ದೋಣಿಗಳು ಅವನಿಗಾಗಿ ಕಡಲನ್ನೆಲ್ಲ ಹುಡುಕಬೇಕಾಗುತ್ತದೆ. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ: ತಕ್ಕ ಗಾಳಿ ಬರುವವರೆಗೆ ದಡದಲ್ಲಿಯೇ ಕಾಯುವುದೂ ಓಟದ ಒಂದು ಭಾಗ.

ಇವೆಲ್ಲಕ್ಕಿಂತ ಮುಖ್ಯವಾದ ಪಾಠ ಮತ್ತೊಂದಿದೆ. ಸವಾರನ ಎದೆಯ ಮುಂದೆ ಒಂದು ಬಿಡುಗಡೆಯ ಕೀಲಿ ಇರುತ್ತದೆ. ಅದನ್ನು ತಳ್ಳಿದೊಡನೆ ಪಟದ ಬಲವೆಲ್ಲ ಇಳಿದುಹೋಗುತ್ತದೆ. ಅನಂತರ ದಾರವನ್ನು ಸುತ್ತಿಕೊಂಡು, ತೇಲುವ ಪಟವನ್ನೇ ತೆಪ್ಪದಂತೆ ಹಿಡಿದು ದಡ ಸೇರಬಹುದು. ಹೆದರಿದಾಗ ಕೈಯಲ್ಲಿದ್ದುದನ್ನು ಇನ್ನೂ ಬಿಗಿಯಾಗಿ ಹಿಡಿಯುವುದು ಮನುಷ್ಯನ ಸ್ವಭಾವ. ಆದ್ದರಿಂದಲೇ ಕಲಿಯುವವರಿಗೆ ಓಡುವುದಕ್ಕಿಂತ ಮೊದಲು ಬಿಡುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಈ ಪಾಠ ನಮ್ಮ ಮಾಳಿಗೆಗಳ ಮೇಲೂ ಬೇಕು. ವಿದ್ಯುತ್ ತಂತಿಗೆ ಸಿಕ್ಕ ಪಟವನ್ನು ಕೋಲಿನಿಂದ ಎಳೆಯಹೋಗುವುದು, ಆಕಾಶ ನೋಡುತ್ತ ಮಾಳಿಗೆಯ ಅಂಚಿಗೆ ಓಡುವುದು, ಇವೆಲ್ಲ ಬಿಡಲಾರದ ಹಟದ ಫಲಗಳೇ. ಕೆಲವು ರೂಪಾಯಿಯ ಪಟ ಹೋದರೆ ಹೋಗಲಿ. ತಂದೆತಾಯಿಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ನಮ್ಮ ಸೀಮೆಯಲ್ಲಿ ತುಂಗಭದ್ರಾ ಕೆಳಮಟ್ಟದ ಕಾಲುವೆ ಹರಿಯುತ್ತದೆ. ಊರೂರಿಗೂ ಬಾವಿ ಕೆರೆಗಳಿವೆ. ಮಕ್ಕಳನ್ನು ನೀರಿನಿಂದ ದೂರವಿಟ್ಟರೆ ಸಾಲದು, ಹಿರಿಯರ ಎದುರಿನಲ್ಲಿ ಅವರಿಗೆ ಈಜು ಕಲಿಸಬೇಕು. ಹುಡುಗಿಯರಿಗೂ ಕಲಿಸಬೇಕು. ಈಜು ಬಲ್ಲ ಮಗುವಿಗೆ ಮುಂದೆಂದಾದರೂ ಕಡಲಿನ ಓಟ ಒದಗಿದರೆ ಸಂತೋಷ. ಒದಗದಿದ್ದರೂ ಕಲಿತ ವಿದ್ಯೆ ಜೀವ ಕಾಯುತ್ತದೆ.