ರೈತನ ಊಟ: ದುಡಿಮೆ ತಗ್ಗಿದೆ, ತಟ್ಟೆಯೂ ಬದಲಾಗಿದೆ

ಹಳೇ ಮೈಸೂರು ಭಾಗದ ರೈತನಿಗೆ ರಾಗಿ ಮುದ್ದೆ, ಉತ್ತರ ಕರ್ನಾಟಕದ ರೈತನಿಗೆ ಜೋಳದ ರೊಟ್ಟಿ. ಇದು ಕೇವಲ ರುಚಿಯ ಆಯ್ಕೆಯಲ್ಲ. ಮಳೆಯಾಶ್ರಿತ ಹೊಲದಲ್ಲಿ ಬೆಳೆದ ಧಾನ್ಯವೇ ಊಟವಾಯಿತು. ದುಡಿಮೆಯ ವೇಳೆಯೇ ಊಟದ ವೇಳೆಯನ್ನು ನಿರ್ಧರಿಸಿತು.

ಬಿಸಿಲಿನಲ್ಲಿ ಬೆವರಿನೊಂದಿಗೆ ಕಳೆದುಹೋಗುವ ನೀರು ಮತ್ತು ಉಪ್ಪಿನಂಶವನ್ನು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ತುಂಬಿಕೊಡುತ್ತದೆ. ಖಡಕ್ ರೊಟ್ಟಿ ಹಲವು ದಿನ ಕೆಡುವುದಿಲ್ಲ. ಕಳೆ, ಕೊಯ್ಲಿನ ದಿನಗಳಲ್ಲಿ ಒಲೆಯ ಮುಂದೆ ಕೂರಲು ಪುರುಸೊತ್ತಿಲ್ಲದ ಮಹಿಳೆಗೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯೇ ಆಸರೆ.

ರಾಗಿ ಹಾಗೂ ಬಿಳಿ ಅಕ್ಕಿ ನೀಡುವ ಶಕ್ತಿಯಲ್ಲಿ ಹೆಚ್ಚಿನ ಅಂತರವಿಲ್ಲ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 300 ಮಿಲಿಗ್ರಾಂಗಿಂತ ಅಧಿಕ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ನಾರು 3 ಗ್ರಾಂ ಮುಟ್ಟದು. ಮುದ್ದೆ ಉಂಡವರಿಗೆ ಬೇಗ ಹಸಿವಾಗದಿರಲು ಈ ನಾರೂ ಒಂದು ಕಾರಣ.

ಈಗ ಉಳುಮೆ ಟ್ರ್ಯಾಕ್ಟರ್ ಪಾಲಾಗಿದೆ, ಒಕ್ಕಣೆ ಯಂತ್ರದ ಪಾಲಾಗಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಬಡವರ ಹಸಿವಿಗೆ ಆಸರೆಯಾಯಿತು. ಜೊತೆಗೆ ಮುದ್ದೆ, ರೊಟ್ಟಿಯ ಮನೆಗಳಿಗೂ ಅಕ್ಕಿಯನ್ನು ಸುಲಭವಾಗಿ ತಲುಪಿಸಿತು. ಮೈಮುರಿಯುವ ಕೆಲಸ ಕಡಿಮೆಯಾದರೂ ಅನ್ನದ ಪ್ರಮಾಣ ಕಡಿಮೆಯಾಗದಿದ್ದರೆ, ಮಿಕ್ಕ ಶಕ್ತಿ ದೇಹದಲ್ಲಿ ಕೊಬ್ಬಾಗುತ್ತದೆ. ಪೇಟೆಯವರ ಕಾಯಿಲೆ ಎನಿಸಿದ್ದ ಮಧುಮೇಹ ಹಳ್ಳಿಗಳಲ್ಲೂ ಕಾಣಿಸಿಕೊಳ್ಳುತ್ತಿರುವುದಕ್ಕೆ ಇಂತಹ ಬದಲಾವಣೆಗಳೂ ಕಾರಣ.

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ನಗರವಾಸಿಗಳೂ ರಾಗಿ, ಜೋಳದತ್ತ ಹೊರಳಿದ್ದಾರೆ. ಆದರೆ ಕುಳಿತು ಕೆಲಸ ಮಾಡುವವರು ಹೊಲದಲ್ಲಿ ದುಡಿಯುವವರಷ್ಟೇ ಮುದ್ದೆ ಉಂಡರೆ ಅದೂ ಹೊರೆಯೇ. ರೈತನ ಹಳೆಯ ಊಟದ ಪಾಠ ಧಾನ್ಯದಲ್ಲಿ ಮಾತ್ರವಲ್ಲ, ದುಡಿದಷ್ಟು ಉಣ್ಣುವ ಲೆಕ್ಕದಲ್ಲೂ ಇದೆ.