ಏಳು ಚುಕ್ಕೆಯ ಜಿರಳೆ ಹಾಕಿದ ವೇಷ

‘ಜಿರಳೆಯನ್ನೂ ದುಡ್ಡು ಕೊಟ್ಟು ತಂದು ಸಾಕುತ್ತಾರಂತೆ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ನಿಜ. ಯುರೋಪ್, ಅಮೆರಿಕ, ಜಪಾನುಗಳಲ್ಲಿ ಇದು ಶ್ರದ್ಧೆಯಿಂದ ನಡೆಯುವ ಹವ್ಯಾಸ. ಅಲ್ಲಿನ ಗಾಜಿನ ಪೆಟ್ಟಿಗೆಗಳಲ್ಲಿ ಅಕ್ಕರೆಯಿಂದ ಬೆಳೆಯುತ್ತಿರುವ ಒಂದು ಜಿರಳೆಯ ತವರು ನಮ್ಮದೇ ದಕ್ಷಿಣ ಭಾರತದ ಕುರುಚಲು ಕಾಡು. ಹೆಸರು ಥೀರಿಯಾ ಪೆಟಿವೆರಿಯಾನಾ. ಸುಮಾರು ಎರಡೂವರೆ ಸೆಂಟಿಮೀಟರಿನ ದುಂಡನೆಯ ಮೈ, ಅಚ್ಚ ಕಪ್ಪು ಬಣ್ಣ, ಬೆನ್ನ ಮೇಲೆ ಏಳು ಬಿಳಿ ಚುಕ್ಕೆ. ಒಂದು ರೆಕ್ಕೆಯಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು.

ಅಡುಗೆಮನೆಯ ಜಿರಳೆಗೂ ಇದಕ್ಕೂ ದೂರದ ನಂಟಷ್ಟೆ. ಲೋಕದ ಸಾವಿರಾರು ಬಗೆಯ ಜಿರಳೆಗಳಲ್ಲಿ ಮನುಷ್ಯರ ಮನೆ ಹೊಕ್ಕು ಕಾಡುವವು ಕೆಲವೇ ಕೆಲವು. ಇದು ತರಗೆಲೆಯಡಿಯ ಜೀವಿ. ಮರಿಗಳು ಮಣ್ಣೊಳಗೇ ಹುದುಗಿ, ಕೊಳೆತ ಎಲೆ ತಿಂದು ಬೆಳೆಯುತ್ತವೆ.

ಆ ಚುಕ್ಕೆಗಳು ಯಾಕೆ ಎಂಬುದೇ ನನಗೆ ಎಲ್ಲಕ್ಕಿಂತ ರುಚಿಸುವ ಪ್ರಶ್ನೆ. ಇದೇ ಕುರುಚಲಿನಲ್ಲಿ ಆಂಥಿಯಾ ಸೆಕ್ಸ್‌ಗುಟ್ಟಾಟಾ ಎಂಬ ನೆಲಜೀರುಂಡೆ ಓಡಾಡುತ್ತದೆ. ಕಪ್ಪು ಮೈ, ಆರು ಬಿಳಿ ಚುಕ್ಕೆ. ಕೆಣಕಿದರೆ ಹಿಂಬದಿಯಿಂದ ಉರಿಯುವ ಆಮ್ಲ ಚಿಮ್ಮಿಸುತ್ತದೆ. ಒಮ್ಮೆ ಆ ಉರಿ ಕಂಡ ಹಕ್ಕಿ ಅಥವಾ ಓತಿ ಅಂಥ ಚುಕ್ಕೆಯನ್ನು ಮತ್ತೆ ಮುಟ್ಟಲು ಹಿಂಜರಿಯುತ್ತದೆ. ನಮ್ಮ ನಿರುಪದ್ರವಿ ಜಿರಳೆ ಈ ಜೀರುಂಡೆಯ ವೇಷ ಹಾಕಿಕೊಂಡು ಬದುಕುತ್ತಿದೆ ಎಂಬುದು ಕೀಟತಜ್ಞರ ವಿವರಣೆ. ಇಂಥ ಅನುಕರಣೆಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಹೆನ್ರಿ ವಾಲ್ಟರ್ ಬೇಟ್ಸ್. ಅಮೆಜಾನ್ ಕಾಡಿನಲ್ಲಿ 11 ವರ್ಷ ಚಿಟ್ಟೆಗಳ ಬೆನ್ನು ಹತ್ತಿದ ಅವರು ತಮ್ಮ ಪ್ರಬಂಧ ಪ್ರಕಟಿಸಿದ್ದು 1862ರಲ್ಲಿ.

ಆಂಥಿಯಾ ಬಳಗದ ವೇಷ ಹಾಕುವ ಪ್ರಾಣಿ ಆಫ್ರಿಕದಲ್ಲೂ ಇದೆ, ಅದೂ ಒಂದು ಹಲ್ಲಿ! ಕಲಹಾರಿ ಮರುಭೂಮಿಯಲ್ಲಿ ಅದರ ಮರಿಗಳು ಕಪ್ಪು ಬಿಳುಪು ಬಣ್ಣ ತಾಳಿ, ಬೆನ್ನು ಬಿಲ್ಲಿನಂತೆ ಬಾಗಿಸಿ, ಜೀರುಂಡೆಯ ಹಾಗೆ ಸೆಟೆದು ನಡೆಯುತ್ತವೆ. ಬೆಳೆದ ಮೇಲೆ ಮರಳಿನ ಬಣ್ಣಕ್ಕೆ ತಿರುಗಿ ಮಾಮೂಲಿ ಹಲ್ಲಿಯಾಗುತ್ತವೆ. ಜೀವವಿಜ್ಞಾನಿಗಳಾದ ರೇಮಂಡ್ ಹ್ಯೂಯಿ ಮತ್ತು ಎರಿಕ್ ಪಿಯಾಂಕಾ 1977ರಲ್ಲಿ ಇದನ್ನು ವರದಿ ಮಾಡಿದರು. ಈ ಮರಿಗಳಲ್ಲಿ ತುಂಡಾದ ಬಾಲ ಕಡಿಮೆ ಕಂಡಿತ್ತು. ಅಂದರೆ ಶತ್ರುಗಳ ಬಾಯಿಗೆ ಸಿಕ್ಕಿದ್ದೂ ಕಡಿಮೆ.

ನಮ್ಮ ಜಿರಳೆಯನ್ನು ಕಂಡು, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ನೆಲೆಗೊಳಿಸಿದ ಲಿನೇಯಸ್ ಕೂಡ ಮೋಸಹೋದರು. 1758ರಲ್ಲಿ ಅವರು ಇದನ್ನು ಸೇರಿಸಿದ್ದು ಜೀರುಂಡೆಗಳ ಸಾಲಿಗೆ, ಕ್ಯಾಸಿಡಾ ಎಂಬ ಕುಲಕ್ಕೆ. ಪೆಟಿವೆರಿಯಾನಾ ಎಂಬ ಹೆಸರು ಲಂಡನ್ನಿನ ಔಷಧ ವ್ಯಾಪಾರಿ ಜೇಮ್ಸ್ ಪೆಟಿವರ್ ಅವರ ನೆನಪಿನದು. ಹಡಗಿನ ವೈದ್ಯರು, ವರ್ತಕರ ಮೂಲಕ ದೇಶದೇಶಗಳ ಗಿಡ, ಕೀಟ ತರಿಸಿಕೊಳ್ಳುತ್ತಿದ್ದ ಮನುಷ್ಯ ಅವರು.

ಇದನ್ನು ಸಾಕುವುದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ತೆಂಗಿನ ನಾರಿನ ಪುಡಿ, ಒಣ ಎಲೆ, ತಳದಲ್ಲಿ ತುಸು ತೇವ, ಬೆಚ್ಚನೆಯ ಜಾಗ, ಆಗಾಗ ಹಣ್ಣಿನ ಚೂರು. ಬೇಕಾದದ್ದು ತಾಳ್ಮೆ. ತಾಯಿ ಮೊಟ್ಟೆಚೀಲಗಳನ್ನು ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಹುಟ್ಟಿದ ಮರಿಗಳಿಗೆ ಚುಕ್ಕೆಯಿಲ್ಲ, ಬರೀ ಕಂದು ಬಣ್ಣ. ತಿಂಗಳುಗಟ್ಟಲೆ ಕಣ್ಣಿಗೇ ಬೀಳುವುದಿಲ್ಲ. ಕೊನೆಯ ಪೊರೆ ಕಳಚಿ ರೆಕ್ಕೆ ಬಂದಾಗಲೇ ಚಿತ್ತಾರ ಕಾಣುವುದು. ಮಣ್ಣಿನೊಳಗಿರುವಾಗ ವೇಷದಿಂದ ಪ್ರಯೋಜನವಿಲ್ಲ, ಬಯಲಿಗೆ ಬರುವ ಹೊತ್ತಿಗೆ ಸರಿಯಾಗಿ ಅದು ಸಿದ್ಧ.

ವೇಷ ಫಲಿಸಬೇಕಾದರೆ ಅಸಲಿ ಹತ್ತಿರದಲ್ಲೇ ಇರಬೇಕು. ಜರ್ಮನಿಯ ಯಾವುದೋ ಕೋಣೆಯ ಪೆಟ್ಟಿಗೆಯಲ್ಲಿ ಆಂಥಿಯಾ ಇಲ್ಲ, ಕುಕ್ಕುವ ಹಕ್ಕಿಯೂ ಇಲ್ಲ. ಕಾಡಿನಲ್ಲಿ ಚುಕ್ಕೆ ಮಸುಕಾದ ಜಿರಳೆಗೆ ಸಾಯುವ ಅಪಾಯ ಹೆಚ್ಚು. ಪೆಟ್ಟಿಗೆಯಲ್ಲಿ ಅದಕ್ಕೂ ಸಂತಾನ ಉಂಟು. ಅಲ್ಲಿ ಯಾರ ವಂಶ ಮುಂದುವರಿಯಬೇಕೆಂದು ತೀರ್ಮಾನಿಸುವುದು ಸಾಕುವವನ ಕಣ್ಣು. ಡಾರ್ವಿನ್ ಪಾರಿವಾಳ ಸಾಕಿ ಕಲಿತ ಪಾಠ ಇದೇ, 1859ರ ಅವರ ಮಹಾಗ್ರಂಥದ ಮೊದಲ ಅಧ್ಯಾಯದ ತುಂಬ ಅದರದೇ ಮಾತು. ಆದ್ದರಿಂದ ‘ವಿಶೇಷ ಚಿತ್ತಾರ, ದುಬಾರಿ ತಳಿ’ ಎಂಬ ಜಾಹೀರಾತು ನನಗೆ ಹಿಡಿಸುವುದಿಲ್ಲ. ಎಲ್ಲಿಂದ ಬಂತೆಂಬ ದಾಖಲೆಯಿಲ್ಲದೆ, ಹತ್ತಿರದ ಪ್ರಭೇದಗಳನ್ನು ಬೆರೆಸಿ ಹುಟ್ಟಿಸಿದ ಚಂದದ ಕೀಟ ವಿಜ್ಞಾನಕ್ಕೆ ಏನನ್ನೂ ಹೇಳಲಾರದು. ಪೇಟೆಯಲ್ಲಿ ಮಾರುವ ಮಡಗಾಸ್ಕರಿನ ಬುಸುಗುಡುವ ಜಿರಳೆಗಳಲ್ಲಿ ಈಗಾಗಲೇ ಎಷ್ಟೋ ಬೆರಕೆಯಾಗಿವೆ.

ಚುಕ್ಕೆಯ ಕೆಲಸ ನೋಡಬೇಕಾದದ್ದು ನಮ್ಮ ಕುರುಚಲಿನಲ್ಲೇ. ಸರ್ಕಾರದ ಬಂಜರು ನಕ್ಷೆಯಲ್ಲಿ ‘ಕುರುಚಲು ಭೂಮಿ’ಯೂ ಒಂದು ವರ್ಗ. ಬಂಜರೆಂದು ಬರೆದ ಆ ನೆಲದಲ್ಲಿ ಜೀರುಂಡೆ, ಜಿರಳೆ, ಹಕ್ಕಿ ಮೂರೂ ಒಟ್ಟಿಗಿವೆ. ಜೇಡಿಮಣ್ಣಿನ ಕಪ್ಪು ಬೊಂಬೆಗಳನ್ನು ಚುಕ್ಕೆಯಿಟ್ಟು ಕೆಲವು, ಇಡದೆ ಕೆಲವು ಅಲ್ಲಿ ಹರಡಿ, ಕೊಕ್ಕಿನ ಗುರುತು ಎಣಿಸುವ ಪ್ರಯೋಗವನ್ನು ಕಾಲೇಜಿನ ವಿದ್ಯಾರ್ಥಿಗಳೂ ಮಾಡಬಹುದು. ಅದಕ್ಕೆ ಒಂದೇ ಒಂದು ಜಿರಳೆಯನ್ನೂ ಹಿಡಿಯಬೇಕಿಲ್ಲ.